ತಾಯಿಗೂ ಮುತ್ತು ಕೊಡುವ ಹಾಗಿಲ್ಲ

1219ರ ವಸಂತ. ಇಂಗ್ಲೆಂಡಿನ ರೆಡಿಂಗ್ ಊರಿನ ಪಕ್ಕ, ಥೇಮ್ಸ್ ನದಿಯ ದಡದಲ್ಲಿ ಕ್ಯಾವರ್ಷಮ್ ಅಂತ ಒಂದು ಜಾಗ. ಅಲ್ಲಿನ ಮನೆಯಲ್ಲಿ ವಿಲಿಯಂ ಮಾರ್ಷಲ್ ಎಂಬ ಮುದುಕ ಹಾಸಿಗೆ ಹಿಡಿದಿದ್ದಾನೆ. ವಯಸ್ಸು 70 ದಾಟಿದೆ. ಸಾಮಾನ್ಯ ಮನುಷ್ಯನಲ್ಲ ಅವನು. ಒಬ್ಬರಾದ ಮೇಲೆ ಒಬ್ಬರಂತೆ ನಾಲ್ಕು ರಾಜರಿಗೆ ದುಡಿದವನು. ಎರಡು ವರ್ಷದ ಹಿಂದಷ್ಟೇ, ಆ ವಯಸ್ಸಿನಲ್ಲೂ ಕುದುರೆ ಏರಿ ಲಿಂಕನ್ ಕದನ ಗೆದ್ದುಕೊಟ್ಟವನು. ಇನ್ನೂ ಹುಡುಗನಾಗಿದ್ದ ರಾಜ 3ನೇ ಹೆನ್ರಿಯ ಪರವಾಗಿ ಇಡೀ ದೇಶ ನೋಡಿಕೊಂಡವನು. ಮದುವೆಯಾಗಿ 30 ವರ್ಷ. ಐದು ಗಂಡು, ಐದು ಹೆಣ್ಣು.

ಸಾವು ಹತ್ತಿರ ಬಂತು ಅಂತ ಗೊತ್ತಾದಾಗ ಅವನು ಒಂದು ಬಿಳಿ ನಿಲುವಂಗಿ ತರಿಸುತ್ತಾನೆ. ಒಂದು ವರ್ಷದ ಹಿಂದೆಯೇ ಹೊಲಿಸಿ ಇಟ್ಟಿದ್ದ. ಯಾರಿಗೂ ಹೇಳಿರಲಿಲ್ಲ. ಅದು ಟೆಂಪ್ಲರ್ ನೈಟ್‌ಗಳ ನಿಲುವಂಗಿ. ಜೆರುಸಲೇಮ್ ಕಾಯುವುದಕ್ಕೆಂದು ಹುಟ್ಟಿದ, ಅರ್ಧ ಸನ್ಯಾಸಿ ಅರ್ಧ ಸಿಪಾಯಿಗಳಾದ ಜನರ ಪಂಗಡ ಅದು. ಹಿಂದೊಮ್ಮೆ ಆ ಕಡೆ ಹೋಗಿದ್ದಾಗ, ಸಾಯುವ ಹೊತ್ತಿಗೆ ನಿಮ್ಮವನಾಗುತ್ತೇನೆ ಅಂತ ಮಾತು ಕೊಟ್ಟು ಬಂದಿದ್ದ. ತನ್ನ ಹೆಣಕ್ಕೆ ಹೊದಿಸಲು ಎರಡು ರೇಷ್ಮೆ ಬಟ್ಟೆಗಳನ್ನೂ ಆಗಲೇ ತಂದಿಟ್ಟುಕೊಂಡಿದ್ದ. 30 ವರ್ಷಕ್ಕೂ ಮೇಲೆ ಅವು ಹಾಗೇ ಇದ್ದವು.

ನಿಲುವಂಗಿ ಹೊದ್ದುಕೊಳ್ಳುವ ಮೊದಲು ಅವನು ಹೆಂಡತಿ ಇಸಬೆಲ್‌ಳನ್ನು ಹತ್ತಿರ ಕರೆಯುತ್ತಾನೆ. ಈಗ ಒಂದು ಮುತ್ತು ಕೊಡು, ಇನ್ನು ಮುಂದೆ ಯಾವತ್ತೂ ಆಗುವುದಿಲ್ಲ ಅಂತ ಹೇಳುತ್ತಾನೆ. ಅವಳು ಮುಂದೆ ಬರುತ್ತಾಳೆ. ಮುತ್ತು ಕೊಡುತ್ತಾರೆ. ಇಬ್ಬರೂ ಅಳುತ್ತಾರೆ. ಅವನು ಸತ್ತು ಕೆಲವೇ ವರ್ಷಕ್ಕೆ ಮನೆಯವರು ಬರೆಸಿದ ಪದ್ಯರೂಪದ ಜೀವನಚರಿತ್ರೆಯಲ್ಲಿ ಈ ಪ್ರಸಂಗ ಇದೆ.

ನಾನು ಇದನ್ನು ಮೊದಲ ಸಲ ಓದಿದಾಗ ಮನಸ್ಸು ಆ ಬಟ್ಟೆಯಲ್ಲೇ ಸಿಕ್ಕಿಕೊಂಡಿತು. ಆ ಮನುಷ್ಯ ಇನ್ನೆಷ್ಟು ದಿನ ಬದುಕಬೇಕಿತ್ತು? ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಎದ್ದು ಕೂರುವ ಶಕ್ತಿಯೂ ಇಲ್ಲ. ಆದರೂ ಆ ಬಟ್ಟೆ ಮೈಮೇಲೆ ಬಿದ್ದ ಗಳಿಗೆಯಿಂದ 30 ವರ್ಷದ ಹೆಂಡತಿ ಹೊರಗಿನವಳು. ಸಾಯುವವನಿಗೇ ಇಷ್ಟು ಬಿಗಿ ಇದ್ದರೆ, 20ನೇ ವಯಸ್ಸಿಗೆ ಅದನ್ನು ಹೊದ್ದು 40, 50 ವರ್ಷ ಬದುಕಿದವರ ಗತಿ ಏನು?

ನಾನು ಲಂಡನ್ನಿಗೆ ಕೆಲಸಕ್ಕೆ ಬಂದು ಆರು ವರ್ಷ. ಫ್ಲೀಟ್ ಸ್ಟ್ರೀಟ್‌ನ ಗಲಾಟೆಯಿಂದ ಒಂದು ಕಿರಿದಾದ ಓಣಿಯಲ್ಲಿ ಒಳಗೆ ಇಳಿದರೆ ಟೆಂಪಲ್ ಚರ್ಚ್ ಸಿಗುತ್ತದೆ. ಈಗ ಸುತ್ತಲೂ ಬರೀ ವಕೀಲರ ಕಚೇರಿಗಳು. ಒಂದು ಕಾಲಕ್ಕೆ ಅದೇ ಟೆಂಪ್ಲರ್‌ಗಳ ಇಂಗ್ಲೆಂಡಿನ ಮುಖ್ಯ ಠಾಣ್ಯ. ಚರ್ಚಿನ ಹಳೆಯ ಭಾಗ ದುಂಡಗಿದೆ. ಜೆರುಸಲೇಮಿನಲ್ಲಿ ಏಸುವಿನ ಸಮಾಧಿ ಇರುವ ಚರ್ಚಿನ ಮಾದರಿಯಲ್ಲಿ ಕಟ್ಟಿದ್ದು. 1185ರಲ್ಲಿ ಜೆರುಸಲೇಮಿನ ಧರ್ಮಗುರು ಹೆರಾಕ್ಲಿಯಸ್ ಖುದ್ದಾಗಿ ಬಂದು ಅದನ್ನು ದೇವರಿಗೆ ಅರ್ಪಿಸಿದ.

ಆ ದುಂಡು ನೆಲದ ಮೇಲೆ ಕಲ್ಲಿನ ನೈಟ್‌ಗಳು ಅಂಗಾತ ಮಲಗಿದ್ದಾರೆ. ಅದರಲ್ಲಿ ಮಾರ್ಷಲ್‌ನೂ ಒಬ್ಬ. 1941ರ ಮೇ 10ರ ರಾತ್ರಿ ಜರ್ಮನ್ನರ ಬಾಂಬಿಗೆ ಚರ್ಚಿನ ಚಾವಣಿ ಹೊತ್ತಿ ಉರಿದು ಈ ಕಲ್ಲುಗಳ ಮೇಲೇ ಬಿತ್ತು. ಹಾಗಾಗಿ ಮುಖಗಳು ಸವೆದು, ಒಡೆದು, ಮತ್ತೆ ಕೂಡಿಸಿದ ಹಾಗಿವೆ. ಮಾರ್ಷಲ್ ಪಕ್ಕ ನಿಂತು ನೋಡುತ್ತಾ ನನಗೆ ಒಂದು ವಿಷಯ ಹೊಳೆಯಿತು. ಇಲ್ಲಿ ಕಲ್ಲಾಗಿ ಮಲಗಿರುವವರು ಹೆಂಡತಿ, ಮಕ್ಕಳು, ಜಮೀನು ಎಲ್ಲ ಅನುಭವಿಸಿದ ದೊಡ್ಡ ಮನೆತನದವರು. ದುಡ್ಡು ಕೊಟ್ಟವರು, ಕೊನೆಗಾಲದಲ್ಲಿ ಹತ್ತಿರ ಬಂದವರು. ಇಡೀ ಬದುಕನ್ನೇ ಕೊಟ್ಟ ಮಾಮೂಲಿ ಟೆಂಪ್ಲರ್‌ಗೆ ಇಲ್ಲಿ ಮುಖ ಇಲ್ಲ.

ಅವತ್ತಿನಿಂದ ನಾನು ಹುಡುಕುತ್ತಿರುವುದು ಆ ಮುಖ ಇಲ್ಲದವರನ್ನು. ಅವರ ಬಗ್ಗೆ ಹೆಚ್ಚಾಗಿ ಸಿಗುವುದು ಅವರ ಕಟ್ಟಳೆಗಳಲ್ಲಿ. ಸುಮಾರು 1119ರಲ್ಲಿ ಹ್ಯೂ ದ ಪೇಯನ್ ಎಂಬ ಫ್ರೆಂಚ್ ನೈಟ್ ಕೆಲವೇ ಗೆಳೆಯರ ಜೊತೆ ಇದನ್ನು ಶುರು ಮಾಡಿದ. ಜೆರುಸಲೇಮಿಗೆ ಬರುವ ಯಾತ್ರಿಕರನ್ನು ದಾರಿಯಲ್ಲಿ ಕಳ್ಳರಿಂದ ಕಾಪಾಡುವುದು ಅವರ ಕೆಲಸ. ಅಲ್ಲಿನ ರಾಜ ಅಲ್‌ ಅಕ್ಸಾ ಮಸೀದಿಯ ಒಂದು ಭಾಗದಲ್ಲಿ ಇರಲು ಜಾಗ ಕೊಟ್ಟ. ಅದನ್ನು ಸೊಲೊಮನ್ ರಾಜನ ದೇವಾಲಯ ಅಂತ ಅವರು ನಂಬಿದ್ದರು, ಅದಕ್ಕೇ ಟೆಂಪ್ಲರ್ ಎಂಬ ಹೆಸರು. 1129ರಲ್ಲಿ ಫ್ರಾನ್ಸಿನ ಟ್ರ್ವಾ ಊರಿನ ಧರ್ಮಸಭೆಯಲ್ಲಿ ಅವರಿಗೆ ಲಿಖಿತ ಕಟ್ಟಳೆ ಬಂತು. ಮುಂದಿನ 100 ವರ್ಷದಲ್ಲಿ ಅದಕ್ಕೆ ಇನ್ನೂ ನೂರಾರು ಕಲಮುಗಳು ಸೇರಿಕೊಂಡವು.

ದೊಡ್ಡ ಪ್ರತಿಜ್ಞೆಗಳು ಮೂರು. ಹೇಳಿದ ಮಾತು ಕೇಳಬೇಕು, ಬ್ರಹ್ಮಚಾರಿಯಾಗಿರಬೇಕು, ಸ್ವಂತದ್ದು ಅಂತ ಏನೂ ಇಟ್ಟುಕೊಳ್ಳಬಾರದು. ಇದು ಯಾವ ಮಠಕ್ಕೆ ಹೋದರೂ ಇದ್ದದ್ದೇ. ನನ್ನ ಎದೆಗೆ ತಾಗಿದ್ದು ಸಣ್ಣ ಸಣ್ಣ ಕಲಮುಗಳು.

ಯಾವ ಹೆಣ್ಣಿಗೂ ಮುತ್ತು ಕೊಡುವ ಹಾಗಿಲ್ಲ. ತಾಯಿ, ಅಕ್ಕತಂಗಿ, ಅತ್ತೆ, ಚಿಕ್ಕಮ್ಮ ಯಾರೇ ಆಗಲಿ. ಕಟ್ಟಳೆಯಲ್ಲಿ ತಾಯಿಯ ಹೆಸರು ತೆಗೆದುಕೊಂಡೇ ಹೇಳಿದ್ದಾರೆ. ಮಗುವಿನ ಜ್ಞಾನಸ್ನಾನದಲ್ಲಿ ಅದನ್ನು ಎತ್ತಿ ಹಿಡಿದು ಅದರ ಹೊಣೆ ಹೊರುವ ಹಾಗಿಲ್ಲ. ಪೆಟ್ಟಿಗೆಗೆ, ಚೀಲಕ್ಕೆ ಬೀಗ ಹಾಕುವ ಹಾಗಿಲ್ಲ. ರಾತ್ರಿ ಮಲಗುವಾಗಲೂ ಅಂಗಿ, ಚಡ್ಡಿ, ಸೊಂಟಕ್ಕೆ ಪಟ್ಟಿ ಇರಬೇಕು, ಬೆಳಗಿನ ತನಕ ದೀಪ ಉರಿಯುತ್ತಿರಬೇಕು. ಅಂದರೆ ಕತ್ತಲೆಯೂ ಅವನ ಸ್ವಂತದ್ದಲ್ಲ. ಊಟದ ಹೊತ್ತಿಗೆ ಮಾತಿಲ್ಲ, ಯಾರೋ ಒಬ್ಬರು ಧರ್ಮಗ್ರಂಥ ಓದುತ್ತಿರುತ್ತಾರೆ. ಬೇಟೆ ಇಲ್ಲ, ಸಿಂಹ ಒಂದನ್ನು ಬಿಟ್ಟು. ಯಾರಾದರೂ ಒಳ್ಳೆಯ ಬಟ್ಟೆಯೇ ಬೇಕು ಅಂತ ಕೇಳಿದರೆ ಅವನಿಗೆ ಇರುವುದರಲ್ಲೇ ಕಳಪೆಯದನ್ನು ಕೊಡಬೇಕು.

ಇನ್ನೊಂದು ಕಲಮು ಹೀಗಿದೆ. ಇಲ್ಲಿಗೆ ಬರುವ ಮುಂಚೆ ಸಂಸಾರಿಯಾಗಿದ್ದಾಗ ನೀನು ಮಾಡಿದ ಸಾಹಸ, ಪಟ್ಟ ಸುಖ ಯಾವುದನ್ನೂ ಇನ್ನೊಬ್ಬ ಸಹೋದರನಿಗೆ ಹೇಳಬಾರದು. ಪಕ್ಕದ ಹಾಸಿಗೆಯವನು ಹೇಳುತ್ತಿದ್ದರೆ ಕೇಳಬಾರದು, ಎದ್ದು ಹೋಗಬೇಕು. ನಮ್ಮಲ್ಲಿ ಪೂರ್ವಾಶ್ರಮ ಅನ್ನುತ್ತೇವಲ್ಲ, ಅದೇ. ಮುಂದಿನ ಬದುಕನ್ನು ಕೊಟ್ಟರೆ ಸಾಲದು, ಹಿಂದಿನದನ್ನೂ ಒಪ್ಪಿಸಬೇಕು.

ಮತ್ತೆ ಕಾಗದ, ಗಂಟು. ಅಪ್ಪ ಅಮ್ಮ ಕಾಗದ ಬರೆದರೆ ಪಂಗಡದ ಯಜಮಾನನಾದ ಮಾಸ್ಟರ್ ಒಪ್ಪಿಗೆ ಇಲ್ಲದೆ ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಂಡರೂ ಅದನ್ನು ಮಾಸ್ಟರ್ ಎದುರಿಗೇ ಓದಿಸಬೇಕು. ಮನೆಯಿಂದ ಏನಾದರೂ ಕಳಿಸಿದರೆ ಅವನ ಮುಂದೆ ಇಡಬೇಕು. ಅವನು ಅದನ್ನು ಬೇರೆ ಯಾರಿಗಾದರೂ ಕೊಟ್ಟರೆ ಬೇಜಾರು ಮಾಡಿಕೊಳ್ಳಬಾರದು.

ಈ ಕಡೆಯ ಸಾಲು ಓದಿದಾಗ ನನಗೆ ನಮ್ಮಜ್ಜಿ ನೆನಪಾದರು.

ನಮ್ಮದು ನಂಜನಗೂಡು ಕಡೆಯ ಹಳ್ಳಿ. ನಮ್ಮಪ್ಪನ ಅಣ್ಣ 12ನೇ ವಯಸ್ಸಿಗೆ ಓದಲಿಕ್ಕೆಂದು ಒಂದು ಮಠಕ್ಕೆ ಹೋದವರು, ಅಲ್ಲೇ ಮರಿಯಾಗಿ, ಆಮೇಲೆ ಸ್ವಾಮಿಗಳಾದರು. ಅಜ್ಜಿ ಪ್ರತಿ ಗೌರಿ ಹಬ್ಬಕ್ಕೆ ಒಂದು ಸ್ಟೀಲ್ ಡಬ್ಬಿ ತುಂಬಾ ಎಳ್ಳು ಹಾಕಿದ ಚಕ್ಕುಲಿ ಮಾಡಿ, ಮುಚ್ಚಳಕ್ಕೆ ಸುತ್ತ ಬಟ್ಟೆ ಕಟ್ಟಿ, ಆ ಕಡೆ ಹೋಗುವವರ ಕೈಲಿ ಕಳಿಸುತ್ತಿದ್ದರು. ಡಬ್ಬಿ ಖಾಲಿಯಾಗಿ ವಾಪಸ್ ಬರುತ್ತಿತ್ತು, ತೊಳೆದು ಒರೆಸಿ. ಅಜ್ಜಿ ಅದರ ಒಳಗೆ ಮೂಗಿಟ್ಟು ನೋಡುತ್ತಿದ್ದರು. ಮಗ ತಿಂದನೋ ಇಲ್ಲವೋ ಅಂತ ಗೊತ್ತಾಗುವ ಬಗೆ ಬೇರೆ ಇರಲಿಲ್ಲ. ಅಲ್ಲಿ ಬಂದದ್ದೆಲ್ಲ ದಾಸೋಹಕ್ಕೆ ಸೇರುತ್ತದೆ, ಹಾಸ್ಟೆಲ್ ಹುಡುಗರ ಪಂಕ್ತಿಗೆ ಹೋಗುತ್ತದೆ ಅಂತ ಅವರಿಗೂ ಗೊತ್ತಿತ್ತು. ಆದರೂ ಎಳ್ಳು ಜಾಸ್ತಿ ಹಾಕುತ್ತಿದ್ದರು, ಅವನಿಗೆ ಹಾಗೇ ಇಷ್ಟ ಅಂತ.

ಒಂದು ಸಲ ಆ ಸ್ವಾಮಿಗಳು ನಮ್ಮೂರಿನ ಜಾತ್ರೆಗೆ ಬಂದರು. ಪಾದಪೂಜೆಗೆ ಸಾಲು ನಿಂತಿತ್ತು. ಅಜ್ಜಿಯೂ ಸಾಲಿನಲ್ಲಿದ್ದರು. ಅವರ ಸರದಿ ಬಂದಾಗ ಎಲ್ಲರ ಹಾಗೆ ಬಗ್ಗಿ ಪಾದಕ್ಕೆ ಹಣೆ ಇಟ್ಟು, "ಆಶೀರ್ವಾದ ಮಾಡಿ ಬುದ್ಧಿ" ಅಂದರು. ನಾನು ಪಕ್ಕದಲ್ಲೇ ಇದ್ದೆ, ಏಳೆಂಟು ವರ್ಷ ನನಗೆ. ಅವರು ವಿಭೂತಿ ಕೊಟ್ಟರು. ಅವರ ಕೈ ಅಜ್ಜಿಯ ಅಂಗೈ ಮೇಲೆ ಬೇರೆಯವರಿಗಿಂತ ಸ್ವಲ್ಪ ಹೊತ್ತು ಜಾಸ್ತಿ ನಿಂತಿತಾ? ನಿಂತಿತು ಅಂತ ಅಜ್ಜಿ ಸಾಯುವ ತನಕ ಹೇಳುತ್ತಿದ್ದರು.

ದೊಡ್ಡಪ್ಪ ಒಳ್ಳೆಯ ಕೆಲಸ ಮಾಡಿದ್ದಾರೆ. ನೂರಾರು ಬಡ ಹುಡುಗರು ಅವರ ನೆರಳಲ್ಲಿ ಓದಿದ್ದಾರೆ. ನನಗೆ ಅವರ ಮೇಲೆ ಗೌರವ ಇದೆ. ಆದರೆ ಆ ಡಬ್ಬಿಯನ್ನು ಮರೆಯಲು ನನ್ನಿಂದ ಆಗಿಲ್ಲ. ಟೆಂಪ್ಲರ್‌ಗಳ ಬಗ್ಗೆ ಓದುವಾಗಲೆಲ್ಲ ಬರ್ಗಂಡಿಯದೋ ನಾರ್ಮಂಡಿಯದೋ ಒಂದು ಹಳ್ಳಿಯಲ್ಲಿ ಗಂಟು ಕಟ್ಟುತ್ತಿರುವ ಒಬ್ಬ ತಾಯಿ ಕಣ್ಣಿಗೆ ಬರುತ್ತಾಳೆ.

ಆ ಕಟ್ಟಳೆ ಬರೆದವರು ಕಲ್ಲೆದೆಯವರು ಅಂತ ನನಗನ್ನಿಸುವುದಿಲ್ಲ. ಒಂದು ವಿಷಯದಲ್ಲಂತೂ ತುಂಬಾ ಯೋಚನೆ ಮಾಡಿದ್ದಾರೆ. ಚಿಕ್ಕ ಮಕ್ಕಳನ್ನು ತಂದು ಒಪ್ಪಿಸಬೇಡಿ ಅಂತ ತಂದೆತಾಯಿಗೆ ಹೇಳುತ್ತಾರೆ. ಆಯುಧ ಹಿಡಿಯುವ ವಯಸ್ಸು ಬರಲಿ, ಅವನೇ ಬಯಸಿ ಬರಲಿ, ಆಮೇಲೆ ಪಶ್ಚಾತ್ತಾಪ ಪಡುವುದಕ್ಕಿಂತ ಅದು ಮೇಲು. ಹಾಗೆ ಬಯಸಿ ಬಂದವನನ್ನು ಸೇರಿಸಿಕೊಳ್ಳುವ ಮುಂಚೆ ಒಂದು ಮಾತು ಹೇಳುತ್ತಿದ್ದರು. ಅದರ ಪಾಠ ಇವತ್ತಿಗೂ ಉಳಿದಿದೆ. ಸಾರಾಂಶ ಇಷ್ಟು. ನೀನು ನಮ್ಮ ಹೊರಗಿನ ಸಿಪ್ಪೆ ಮಾತ್ರ ನೋಡಿದ್ದೀಯ. ಒಳ್ಳೆಯ ಕುದುರೆ, ಒಳ್ಳೆಯ ಊಟ, ಒಳ್ಳೆಯ ಬಟ್ಟೆ. ಇಲ್ಲಿ ಆರಾಮವಾಗಿರಬಹುದು ಅಂದುಕೊಂಡಿದ್ದೀಯ. ಇದುವರೆಗೆ ನಿನಗೆ ನೀನೇ ಯಜಮಾನ, ಇನ್ನು ಮೇಲೆ ಇನ್ನೊಬ್ಬರ ಆಳು. ಏಕರ್ ಎಂಬ ಊರಿನಲ್ಲಿ ಇರಬೇಕು ಅನ್ನಿಸಿದರೆ ಟ್ರಿಪೋಲಿಗೋ ಅಂತಿಯೋಕ್ಯಕ್ಕೋ ಕಳಿಸುತ್ತಾರೆ. ಮಲಗಬೇಕು ಅನ್ನಿಸಿದಾಗ ಎದ್ದು ಕಾವಲು ಕಾಯಿ ಅನ್ನುತ್ತಾರೆ. ಎಚ್ಚರವಾಗಿರಬೇಕು ಅನ್ನಿಸಿದಾಗ ಹೋಗಿ ಮಲಗು ಅನ್ನುತ್ತಾರೆ. ಇದನ್ನೆಲ್ಲ ತಡೆದುಕೊಳ್ಳುತ್ತೀಯಾ?

ಆಮೇಲೆ ಪ್ರಶ್ನೆಗಳು. ಹೆಂಡತಿ ಇದ್ದಾಳಾ? ಯಾವ ಹುಡುಗಿಗಾದರೂ ಮಾತು ಕೊಟ್ಟಿದ್ದೀಯಾ? ಸಾಲ ಇದೆಯಾ? ಯಾರಿಗೂ ಹೇಳದ ಕಾಯಿಲೆ ಇದೆಯಾ? ಯಾರ ಜೀತದಾಳೂ ಅಲ್ಲವಲ್ಲ? ಎಲ್ಲದಕ್ಕೂ ಉತ್ತರ ಹೇಳಿ ಮುಗಿದ ಮೇಲೆ ಅವರು ಅವನಿಗೆ ಕೊಡುವ ಭರವಸೆ ಏನು ಗೊತ್ತಾ? ರೊಟ್ಟಿ, ನೀರು, ಮನೆಯ ಬಡ ಬಟ್ಟೆ, ಬೇಕಾದಷ್ಟು ಕಷ್ಟ, ಬೇಕಾದಷ್ಟು ದುಡಿತ.

ಆಮೇಲೆ ನಿಲುವಂಗಿಯನ್ನು ಹೆಗಲಿಗೆ ಹಾಕಿ ದಾರ ಕಟ್ಟುತ್ತಾರೆ. ಸೇರಿಸಿಕೊಳ್ಳುವವನು ಅವನನ್ನು ಎಬ್ಬಿಸಿ ನಿಲ್ಲಿಸಿ ಬಾಯಿಗೆ ಮುತ್ತು ಕೊಡುತ್ತಾನೆ. ಗುರುವೂ ಕೊಡುತ್ತಾನೆ. ಅದು ಆ ಕಾಲದ ಶಾಂತಿಯ ಮುತ್ತು. ಅಮ್ಮನ ಮುತ್ತು ಅವತ್ತಿಗೆ ಮುಗಿಯಿತು, ಅದರ ಜಾಗಕ್ಕೆ ಇದು ಬಂತು. ಇನ್ನು ಮೇಲೆ ಇವರೇ ತಾಯಿ, ಇವರೇ ಅಣ್ಣತಮ್ಮ. ಈ ಮುತ್ತಿಗೆ ಮುಂದೆ ಎಂಥ ಗತಿ ಬಂತು ಅಂತ ಹೇಳುತ್ತೇನೆ.

ಯಾಕೆ ಸೇರುತ್ತಿದ್ದರು? ಪಾಪ ತೊಳೆದುಹೋಗುತ್ತದೆ, ಸ್ವರ್ಗ ಸಿಗುತ್ತದೆ ಎಂಬ ಗಟ್ಟಿ ನಂಬಿಕೆ. ಜಮೀನು ದೊಡ್ಡ ಮಗನ ಪಾಲಾದ ಮೇಲೆ ಚಿಕ್ಕ ಮಕ್ಕಳಿಗೆ ಒಂದು ನೆಲೆ. ಯುದ್ಧ ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲದವನಿಗೆ ಆ ವಿದ್ಯೆಯೇ ಪುಣ್ಯವಾಗುವ ದಾರಿ. ಜೊತೆಗೆ, ಒಂಟಿಯಾಗುವುದಿಲ್ಲ ಎಂಬ ಧೈರ್ಯ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಅವರ ಕಟ್ಟಳೆಯಲ್ಲಿ ಸತ್ತವನ ಬಗ್ಗೆ ಒಂದು ಕಲಮು ಇದೆ. ಒಬ್ಬ ಸಹೋದರ ಸತ್ತರೆ, ಉಳಿದವರು ಏಳು ದಿನದೊಳಗೆ "ಪರಲೋಕದಲ್ಲಿರುವ ನಮ್ಮ ತಂದೆಯೇ" ಪ್ರಾರ್ಥನೆಯನ್ನು ತಲಾ 100 ಸಲ ಹೇಳಬೇಕು. 40 ದಿನ ಒಬ್ಬ ಬಡವನಿಗೆ ಊಟ ಹಾಕಬೇಕು. ಸತ್ತವನು ಬದುಕಿದ್ದರೆ ಅವನಿಗೆ ಏನು ಬಡಿಸುತ್ತಿದ್ದರೋ ಅದೇ ಊಟ. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ಹಿಂದೆ ಹೆಂಡತಿ ಮಕ್ಕಳು ಇಲ್ಲ, ಎಡೆ ಇಡುವವರಿಲ್ಲ. ಅದಕ್ಕೆ ಅವನ ಪಾಲಿನ ಮಾಂಸ, ಅವನ ಪಾಲಿನ ದ್ರಾಕ್ಷಾರಸ ಯಾರೋ ಹಸಿದವನ ಹೊಟ್ಟೆಗೆ.

ವಯಸ್ಸಾದವರ ಬಗ್ಗೆಯೂ ಮೃದುವಾದ ಮಾತಿದೆ. ಮುದುಕನಾಗಿ ಇನ್ನು ಕವಚದ ಭಾರ ಹೊರಲು ಆಗುವುದಿಲ್ಲ ಅನ್ನಿಸಿದ ದಿನ ಅವನೇ ಮಾರ್ಷಲ್ ಹತ್ತಿರ ಹೋಗಬೇಕು. ಮಾರ್ಷಲ್ ಅಂದರೆ ಇಲ್ಲಿ ಕುದುರೆ, ಆಯುಧ ನೋಡಿಕೊಳ್ಳುವ ಅಧಿಕಾರಿ. ನನ್ನ ಸಾಮಾನು ತೆಗೆದುಕೊಳ್ಳಿ, ಮನೆಗೆ ದುಡಿಯಬಲ್ಲ ಬೇರೆ ಯಾರಿಗಾದರೂ ಕೊಡಿ, ನನ್ನ ಕೈಲಿ ಆಗುತ್ತಿಲ್ಲ ಅಂತ ಕೇಳಿಕೊಳ್ಳಬೇಕು. ಆಗ ಅವನಿಗೆ ಓಡಾಡಲು ಒಂದು ಸಾಧು ಕುದುರೆ ಕೊಡುತ್ತಾರೆ. ನಿವೃತ್ತಿ ಅಂದರೆ ಇಷ್ಟೇ. ಊರಿಗೆ ಹೋಗುವುದಿಲ್ಲ. ಮೊಮ್ಮಕ್ಕಳಿಲ್ಲ. ಮಂಚ ಅದೇ, ಪ್ರಾರ್ಥನೆ ಅದೇ, ಕುದುರೆ ಮಾತ್ರ ಮೆತ್ತಗಿನದು.

ಅಲ್ಲಿಗೆ ತಲುಪಿದವರು ಕಡಿಮೆ. 1187ರ ಜುಲೈ 4ರಂದು ಹತ್ತೀನ್‌ನಲ್ಲಿ ಕ್ರೈಸ್ತರ ಸೇನೆ ಸೋತಾಗ, ಮುಸ್ಲಿಂ ಸುಲ್ತಾನ ಸಲಾದೀನ್ ಸೆರೆ ಸಿಕ್ಕ ಬೇರೆ ದೊಡ್ಡವರಲ್ಲಿ ಹೆಚ್ಚಿನವರನ್ನು ಹಣಕ್ಕಾಗಿ ಉಳಿಸಿಕೊಂಡ. ಟೆಂಪ್ಲರ್ ಮತ್ತು ಅವರಂಥದೇ ಆದ ಹಾಸ್ಪಿಟಲರ್ ಪಂಗಡದವರನ್ನು ಮಾತ್ರ, ಇನ್ನೂರಕ್ಕೂ ಹೆಚ್ಚು ಜನರನ್ನು, ತಲೆ ಕಡಿಸಿದ. ಮಾಮೂಲಿ ನೈಟ್ ಸೆರೆಯಾದರೆ ಮನೆಯವರು ಜಮೀನು ಮಾರಿ ಬಿಡಿಸಿಕೊಳ್ಳುತ್ತಾರೆ. ಟೆಂಪ್ಲರ್‌ಗೆ ಮಾರುವ ಜಮೀನೂ ಇಲ್ಲ, ಮಾರುವ ಮನೆಯವರೂ ಇಲ್ಲ. 1179ರಲ್ಲಿ ಸೆರೆಯಾದ ಗ್ರ್ಯಾಂಡ್ ಮಾಸ್ಟರ್ ಓಡೊ ಸೆರೆಯಲ್ಲೇ ಸತ್ತ.

ಒಳಗಿನ ಶಿಕ್ಷೆಯೂ ಬಿಗಿ. ತಪ್ಪಿಗೆ ತಕ್ಕಂತೆ ಒಂದು ವರ್ಷ ಒಂದು ದಿನ ನಿಲುವಂಗಿ ಕಿತ್ತುಕೊಳ್ಳುತ್ತಿದ್ದರು. ಅಷ್ಟೂ ದಿನ ನೆಲದ ಮೇಲೆ ಕೂತು ಉಣ್ಣಬೇಕು, ಗುಲಾಮರ ಜೊತೆ ಕೆಲಸ ಮಾಡಬೇಕು. ಸತ್ತವನ ಹತ್ತಿರ ಬಚ್ಚಿಟ್ಟ ದುಡ್ಡು ಸಿಕ್ಕರೆ ಅವನಿಗೆ ಚರ್ಚಿನ ಸ್ಮಶಾನದಲ್ಲಿ ಮಣ್ಣೂ ಇಲ್ಲ. ಲಂಡನ್ನಿನ ಅದೇ ದುಂಡು ಚರ್ಚಿನಲ್ಲಿ ಮೆಟ್ಟಿಲ ಮಗ್ಗುಲಲ್ಲಿ ಒಂದು ಗೂಡಿದೆ. ಉದ್ದ ನಾಲ್ಕೂವರೆ ಅಡಿ, ಅಗಲ ಎರಡೂವರೆ ಅಡಿ. ಗೋಡೆಯಲ್ಲಿ ಸಣ್ಣ ಸೀಳು, ಅದರಿಂದ ಕೆಳಗಿನ ಪೂಜೆ ಕಾಣುತ್ತದೆ. ದೊಡ್ಡವರು ಅಲ್ಲಿ ಕಾಲು ಚಾಚಿ ಮಲಗಲು ಸಾಧ್ಯವೇ ಇಲ್ಲ.

ಬಿಟ್ಟು ಹೋಗಬಹುದಿತ್ತಾ? ಒಪ್ಪಿಗೆ ಸಿಕ್ಕರೆ ಇದಕ್ಕಿಂತ ಕಠಿಣವಾದ ಇನ್ನೊಂದು ಮಠಕ್ಕೆ ಹೋಗಬಹುದಿತ್ತು. ಮನೆಗೆ ಹೋಗುವ ದಾರಿ ಇರಲಿಲ್ಲ.

1291ರ ಮೇ ತಿಂಗಳಲ್ಲಿ ಏಕರ್ ಬಿತ್ತು. ಪವಿತ್ರ ಭೂಮಿಯಲ್ಲಿ ಅವರ ಕೈಲಿ ಉಳಿದಿದ್ದ ಕೊನೆಯ ದೊಡ್ಡ ಊರು ಅದು. ಕಾಯಲಿಕ್ಕೆ ಇನ್ನು ಏನೂ ಇರಲಿಲ್ಲ. ಯುರೋಪಿನ ತುಂಬಾ ಇದ್ದ ಅವರ ಜಮೀನು, ದುಡ್ಡಿನ ವ್ಯವಹಾರ ಮಾತ್ರ ಉಳಿಯಿತು. 1307ರ ಅಕ್ಟೋಬರ್ 13ರ ಬೆಳಗಿನ ಜಾವ ಫ್ರಾನ್ಸಿನ ರಾಜ 4ನೇ ಫಿಲಿಪ್ ದೇಶದಲ್ಲಿದ್ದ ಟೆಂಪ್ಲರ್‌ಗಳನ್ನೆಲ್ಲ ಒಂದೇ ಏಟಿಗೆ ಹಿಡಿಸಿದ. ಶಿಲುಬೆಗೆ ಉಗಿದರು, ವಿಗ್ರಹ ಪೂಜೆ ಮಾಡಿದರು ಎಂಬ ಆರೋಪಗಳು. ಇನ್ನೊಂದು, ಹೊಸಬರನ್ನು ಸೇರಿಸಿಕೊಳ್ಳುವಾಗ ಅಸಹ್ಯವಾದ ಮುತ್ತು ಕೊಡುತ್ತಾರೆ ಅಂತ. ತಾಯಿಯ ಮುತ್ತನ್ನು ಬಿಟ್ಟು ಪಡೆದದ್ದು ಅದೊಂದೇ ಮುತ್ತು. ಅದಕ್ಕೇ ಕೆಸರು ಬಳಿದರು.

ಹಿಡಿದವರಲ್ಲಿ ಕತ್ತಿ ಹಿಡಿದವರು ತೀರಾ ಕಡಿಮೆ. ಕುರಿ ಕಾಯುವವರು, ಹೊಲ ಉಳುವವರು, ಕಣಜ ನೋಡಿಕೊಳ್ಳುವವರು, ವಯಸ್ಸಾದವರೇ ಜಾಸ್ತಿ. ಅವರೂ ಅದೇ ಪ್ರತಿಜ್ಞೆ ಮಾಡಿದವರು. ಪ್ಯಾರಿಸಿನಲ್ಲಿ ವಿಚಾರಿಸಿದ 138 ಜನರಲ್ಲಿ 134 ಮಂದಿ ಒಂದಲ್ಲ ಒಂದು ತಪ್ಪು ಒಪ್ಪಿಕೊಂಡರು. ಚಿತ್ರಹಿಂಸೆಗೆ ಹೆದರಿ. ಆಮೇಲೆ ಹಲವರು ಧೈರ್ಯ ಮಾಡಿ, ಅದೆಲ್ಲ ಸುಳ್ಳು, ಹೊಡೆದು ಹೇಳಿಸಿದ್ದು ಅಂದರು. 1310ರ ಮೇ 12ರಂದು ಹಾಗೆ ಹೇಳಿದ 54 ಜನರನ್ನು ಗಾಡಿಗಳಲ್ಲಿ ಒಯ್ದು ಪ್ಯಾರಿಸಿನ ಹೊರಗೆ ಸುಟ್ಟರು. ಮಾರನೆಯ ದಿನ ಏಮೆರಿ ಎಂಬ ನಡುವಯಸ್ಸಿನ ಟೆಂಪ್ಲರ್ ವಿಚಾರಣೆಗೆ ಬಂದ. ಮುಖ ಬಿಳಿಚಿಕೊಂಡಿತ್ತು. ಗಡ್ಡ ಬೋಳಿಸಿದ್ದ, ನಿಲುವಂಗಿ ಇರಲಿಲ್ಲ. ಆರೋಪ ಎಲ್ಲ ಸುಳ್ಳು ಅಂತ ಎದೆ ಬಡಿದುಕೊಂಡು ಹೇಳಿದ. ಆದರೆ ನಿನ್ನೆ ಆ ಗಾಡಿಗಳನ್ನು ನೋಡಿದೆ, ನನಗೆ ಬೆಂಕಿಯ ಭಯ, ಕೇಳಿದರೆ ದೇವರನ್ನು ಕೊಂದವನೂ ನಾನೇ ಅಂತ ಒಪ್ಪಿಕೊಂಡುಬಿಡುತ್ತೇನೆ ಅಂದ. ನಾನು ಹೇಳಿದ್ದನ್ನು ರಾಜನ ಕಡೆಯವರಿಗೆ ಹೇಳಬೇಡಿ ಅಂತ ಬೇಡಿಕೊಂಡ.

ಅವನ ಪರವಾಗಿ ಬಂದು ನಿಲ್ಲುವ ಭಾವಮೈದುನ ಇದ್ದನಾ? ಬಾಗಿಲ ಹತ್ತಿರ ಕಾದು ನಿಂತ ಹೆಂಡತಿ? ಒಬ್ಬ ಮಗ? ಜೈಲಿನ ಗೋಡೆಯ ಆಚೆ ಕಾಯುವವರು ಯಾರಾದರೂ ಒಬ್ಬರು ಬೇಕು ಮನುಷ್ಯನಿಗೆ. ಇವರಿಗಿದ್ದ ಸಂಬಂಧಿಕರೆಲ್ಲ ಪಕ್ಕದ ಸೆರೆಮನೆಯಲ್ಲೇ ಇದ್ದರು.

ಕೊನೆಯ ಗ್ರ್ಯಾಂಡ್ ಮಾಸ್ಟರ್ ಜಾಕ್ ದ ಮೊಲೆ 1265ರಲ್ಲಿ ಬೋನ್ ಎಂಬ ಊರಿನಲ್ಲಿ ಟೆಂಪ್ಲರ್ ಆದವನು. ಹಿಡಿಯುವ ಹೊತ್ತಿಗೆ 42 ವರ್ಷ ಪಂಗಡದಲ್ಲೇ ಬದುಕಿದ್ದ. ಯುರೋಪಿನ ಅತಿ ಶ್ರೀಮಂತ ಸಂಸ್ಥೆಗಳಲ್ಲಿ ಒಂದಕ್ಕೆ ಯಜಮಾನ. 1309ರ ನವೆಂಬರ್‌ನಲ್ಲಿ ವಿಚಾರಣೆಯ ಮುಂದೆ ನಿಂತು, ನಾನು ಓದು ಬರಹ ಇಲ್ಲದ ಬಡ ನೈಟ್, ನನ್ನ ಪಂಗಡದ ಪರವಾಗಿ ವಾದಿಸಲು ಖರ್ಚಿಗೆ ನಾಲ್ಕು ಬಿಡಿಕಾಸೂ ನನ್ನ ಹತ್ತಿರ ಇಲ್ಲ ಅಂದ. ಅದು ನಿಜ. ಸ್ವಂತದ್ದು ಇಟ್ಟುಕೊಳ್ಳುವುದಿಲ್ಲ ಅಂತ ಮಾಡಿದ ಪ್ರತಿಜ್ಞೆಯನ್ನು ಅವನು ಅಕ್ಷರಶಃ ಪಾಲಿಸಿದ್ದ. 1314ರ ಮಾರ್ಚ್‌ನಲ್ಲಿ ಸೀನ್ ನದಿಯ ನಡುಗಡ್ಡೆಯಲ್ಲಿ ಅವನನ್ನು ಸುಟ್ಟರು. ಆ ಬೆಂಕಿಯ ಬಗ್ಗೆ ಬೇಕಾದಷ್ಟು ಕಥೆಗಳಿವೆ. ಶಾಪ ಹಾಕಿದ ಅಂತೆಲ್ಲ. ನನಗೆ ಅದಕ್ಕಿಂತ ಆ ನಾಲ್ಕು ಬಿಡಿಕಾಸು ಜಾಸ್ತಿ ಕಾಡುತ್ತದೆ.

ಸುಟ್ಟವರದು ಒಂದು ಕಥೆ. ಬದುಕುಳಿದವರದು ಇನ್ನೊಂದು, ಅದನ್ನು ಹೇಳುವವರು ಕಡಿಮೆ. 1312ರಲ್ಲಿ ಪೋಪ್ ಟೆಂಪ್ಲರ್ ಪಂಗಡವನ್ನೇ ರದ್ದು ಮಾಡಿದರು. ಆಸ್ತಿ ಹಾಸ್ಪಿಟಲರ್‌ಗಳಿಗೆ ಹೋಯಿತು. ಪಂಗಡ ರದ್ದಾಯಿತು, ಆದರೆ ಪ್ರತಿಜ್ಞೆ ರದ್ದಾಗಲಿಲ್ಲ. ಇದು ನನಗೆ ಅರಗಿಸಿಕೊಳ್ಳಲು ಆಗದ ವಿಷಯ. ನಿಲುವಂಗಿ ಇಲ್ಲ, ಮನೆ ಇಲ್ಲ, ಸಹೋದರರು ಇಲ್ಲ. ಬ್ರಹ್ಮಚರ್ಯ ಮಾತ್ರ ಇದೆ, ಬಡತನ ಮಾತ್ರ ಇದೆ. ಅವರನ್ನು ಒಬ್ಬೊಬ್ಬರನ್ನಾಗಿ ಬೇರೆ ಬೇರೆ ಮಠಗಳಿಗೆ ಹಂಚಿದರು. ಇಂಗ್ಲೆಂಡಿನಲ್ಲಿ ದಿನಕ್ಕೆ ನಾಲ್ಕು ಪೆನ್ನಿ ಖರ್ಚಿಗೆ ಕೊಟ್ಟರು. ಕೆಲವರು ಎಲ್ಲ ಬಿಟ್ಟು ಊರಿಗೆ ಹೋದರು, ಮದುವೆಯೂ ಆದರು. ಅದು ತಿಳಿದು ಮುಂದಿನ ಪೋಪ್ 22ನೇ ಜಾನ್, ಅವರನ್ನು ವಾಪಸ್ ಮಠಕ್ಕೆ ಸೇರಿಸಿ ಅಂತ ಆಜ್ಞೆ ಕಳಿಸಿದರು. ಅಷ್ಟು ವಯಸ್ಸಾದ ಮೇಲೆ ಒಂದು ಒಲೆ, ಒಂದು ಹೆಣ್ಣಿನ ಜೊತೆ ಸಿಕ್ಕಿದ್ದ ಮುದುಕನ ಬಾಗಿಲಿಗೆ ಆ ಆಜ್ಞೆ ಬಂದು ನಿಂತದ್ದನ್ನು ಯೋಚಿಸಿದರೆ ಸಂಕಟವಾಗುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಒಂದು ದಿನ ನನಗೆ ಲುಡಾಲ್ಫ್ ಎಂಬ ಜರ್ಮನ್ ಪಾದ್ರಿಯ ಪ್ರವಾಸದ ವಿವರ ಸಿಕ್ಕಿತು. 1336ರಿಂದ 1341ರವರೆಗೆ ಅವನು ಆ ಕಡೆ ತಿರುಗಾಡಿದ್ದ. ಮೃತ ಸಮುದ್ರದ ಹತ್ತಿರದ ಗುಡ್ಡಗಳಲ್ಲಿ ಅವನಿಗೆ ಇಬ್ಬರು ಮುದುಕರು ಸಿಕ್ಕರು. ಸುಲ್ತಾನನಿಗೆ ಸೌದೆ ಕಡಿಯುವ ಕೆಲಸ. ಮಾತಾಡಿಸಿದರೆ ಇಬ್ಬರೂ ಟೆಂಪ್ಲರ್‌ಗಳು. ಒಬ್ಬ ಬರ್ಗಂಡಿಯವನು, ಇನ್ನೊಬ್ಬ ತುಲೂಸ್‌ನವನು. 1291ರಲ್ಲಿ ಏಕರ್ ಬಿದ್ದಾಗ ಸೆರೆಯಾದವರು. ಅಲ್ಲಿಂದ ಈಚೆಗೆ ಯುರೋಪಿನ ಒಬ್ಬನೇ ಒಬ್ಬ ಮನುಷ್ಯನನ್ನೂ ಕಂಡಿರಲಿಲ್ಲ. ತಮ್ಮ ಪಂಗಡ ಈಗ ಇಲ್ಲ ಅಂತ ಗೊತ್ತಿರಲಿಲ್ಲ. ಗ್ರ್ಯಾಂಡ್ ಮಾಸ್ಟರನ್ನು ಸುಟ್ಟದ್ದು ಗೊತ್ತಿರಲಿಲ್ಲ. 54 ಜನರ ಗಾಡಿಗಳು ಗೊತ್ತಿರಲಿಲ್ಲ.

ಅವರಿಗೆ ಹೆಂಡತಿಯರಿದ್ದರು. ಮಕ್ಕಳಿದ್ದರು.

ಸುಮಾರು 45 ವರ್ಷ. ಬೆಳಿಗ್ಗೆ ಎದ್ದು ಗುಡ್ಡಕ್ಕೆ ಹೋಗುವುದು, ಕೊಡಲಿ ಬೀಸುವುದು, ಹೊರೆ ಕಟ್ಟುವುದು, ಸಂಜೆ ಮನೆಗೆ ಬರುವುದು. ಮನೆ ಅಂತ ಒಂದು ಇತ್ತು. ರಾತ್ರಿ ದೀಪ ಆರಿಸಬಹುದಿತ್ತು. ಮಗು ಹುಟ್ಟಿದಾಗ ಎತ್ತಿಕೊಳ್ಳಬಹುದಿತ್ತು. ಹಳೆಯ ಕಥೆ ಹೇಳಿದರೆ ಯಾರೂ ಎದ್ದು ಹೋಗುತ್ತಿರಲಿಲ್ಲ. ನನಗೆ ಗೊತ್ತು, ಇದು ಸೆರೆ. ಬೇರೆಯವರ ನೆಲದಲ್ಲಿ, ಬೇರೆಯವರ ಹುಕುಂ ಕೆಳಗೆ ದುಡಿಯುವ ಬಾಳು. ಆ ಹೆಂಗಸರ ಕಥೆ ಏನಿತ್ತೋ ಅದನ್ನು ಪಾದ್ರಿ ಬರೆದಿಲ್ಲ. ಆದರೂ, ಪ್ರತಿಜ್ಞೆ ಮಾಡಿದ ಸಾವಿರಾರು ಜನರಲ್ಲಿ ಈ ಇಬ್ಬರಿಗೆ ಸೆರೆಯಲ್ಲೇ ಸಂಸಾರ ಸಿಕ್ಕಿತು. ಅವರೇನಾದರೂ ಆವತ್ತು ತಪ್ಪಿಸಿಕೊಂಡು ಹಡಗು ಹತ್ತಿ ತಮ್ಮವರ ಹತ್ತಿರ ಸೇರಿದ್ದರೆ, 16 ವರ್ಷಕ್ಕೆ ಫಿಲಿಪ್‌ನ ಸೆರೆಮನೆಯಲ್ಲಿ ಇರುತ್ತಿದ್ದರು.

ಒಂದು ವರ್ಷದೊಳಗೆ ಅವರನ್ನು ವಾಪಸ್ ಕರೆದುಕೊಂಡು ಹೋದರು. ಹೆಂಡತಿ ಮಕ್ಕಳ ಸಮೇತ. ಆಗ ಪೋಪ್ ಇದ್ದದ್ದು ಫ್ರಾನ್ಸಿನ ದಕ್ಷಿಣದ ಅವಿನ್ಯಾನ್ ಊರಿನಲ್ಲಿ. ಅಲ್ಲಿ ಅವರನ್ನು ಮರ್ಯಾದೆಯಿಂದ ಬರಮಾಡಿಕೊಂಡರು. ಯಾರೂ ಪ್ರತಿಜ್ಞೆಯ ಮಾತು ಎತ್ತಲಿಲ್ಲ. ಉಳಿದ ದಿನ ನೆಮ್ಮದಿಯಾಗಿ ಬದುಕಲು ಬಿಟ್ಟರು.

ತುಲೂಸ್‌ನವನು ತನ್ನ ಊರಿಗೆ ಹೋದನಾ? ಅವನ ಅಮ್ಮ ಯಾವಾಗಲೋ ಸತ್ತಿರುತ್ತಾಳೆ. ಅವಳು ಕಟ್ಟಿ ಕಳಿಸಿದ್ದ ಗಂಟು ಏಕರ್‌ನಲ್ಲಿ ಯಾರ ಪಾಲಾಗಿತ್ತೋ. ಆದರೆ ಆ ಓಣಿಗೆ ಬಂದವನ ಜೊತೆ, ಅಲ್ಲಿಯ ಮಾತು ಒಂದೂ ಬಾರದ ಒಬ್ಬ ಹೆಂಗಸು ಇದ್ದಿರಬೇಕು. ಅವಳ ಹಿಂದೆ, ಅಪ್ಪನ ಊರನ್ನು ಕಣ್ಣರಳಿಸಿ ನೋಡುತ್ತಾ ಬರುವ ಮಕ್ಕಳು.